ಮಾನಸಾಂತರ ಯಾರದು? ‘ಕಾದಲ್’ ಚಿತ್ರಕ್ಕೆ ಬಂದ ಪ್ರತಿಕ್ರಿಯೆಗಳು ಮತ್ತು ಸಭೆಯ ಸಾಕ್ಷಿ

2023ರ ನವೆಂಬರ್ 23ರಂದು ತೆರೆಕಂಡ ‘ಕಾದಲ್: ದಿ ಕೋರ್’ ಎಂಬ ಮಲಯಾಳಂ ಚಲನಚಿತ್ರವು ಕೇರಳದ ಒಂದು ಕ್ರೈಸ್ತ ಕುಟುಂಬದ ಕಥೆ. ಜಿಯೋ ಬೇಬಿ ಅದರ ನಿರ್ದೇಶಕರು. ಆದರ್ಶ್ ಸುಕುಮಾರನ್ ಮತ್ತು ಪಾಲ್ಸನ್ ಸ್ಕರಿಯಾ ಲೇಖಕರು. ಆಗ ಎಪ್ಪತ್ತೆರಡು ವರ್ಷ ವಯಸ್ಸಿನವರಾಗಿದ್ದ ಮಮ್ಮುಟ್ಟಿಯವರು ತಮ್ಮದೇ ಸಂಸ್ಥೆಯಿಂದ ಚಿತ್ರವನ್ನು ನಿರ್ಮಿಸಿ, ತನ್ನ ಸ್ವಭಾವವನ್ನು ಬದುಕೆಲ್ಲ ಬಚ್ಚಿಟ್ಟುಕೊಂಡ ಗೃಹಸ್ಥನ ಪಾತ್ರವನ್ನು ತಾವೇ ವಹಿಸಿದರು. ಚಿತ್ರಕ್ಕೆ ಆ ವರ್ಷದ ಅತ್ಯುತ್ತಮ ಚಲನಚಿತ್ರವೆಂಬ ಕೇರಳ ರಾಜ್ಯ ಪ್ರಶಸ್ತಿ ದೊರೆಯಿತು. ಕೊಲ್ಲಿಯ ಕೆಲವು ದೇಶಗಳಲ್ಲಿ ಅದರ ಪ್ರದರ್ಶನಕ್ಕೆ ಅನುಮತಿ ಸಿಗಲಿಲ್ಲ. ಕೇರಳದ ಕಥೋಲಿಕ ಸಭೆಯೊಳಗಿಂದಲೂ ಬಹಿರಂಗವಾದ ಆಕ್ಷೇಪಣೆಗಳು ಬಂದವು.

ಒಂದು ಚಲನಚಿತ್ರದ ಕುರಿತು ದೇವಶಾಸ್ತ್ರದ ಪತ್ರಿಕೆಯು ಬರೆಯಬೇಕಾದ ಅಗತ್ಯವೇನೆಂದು ಓದುಗರು ಕೇಳಬಹುದು. ಚಿತ್ರದ ಗುಣದೋಷಗಳ ವಿಮರ್ಶೆ ನಮ್ಮ ಉದ್ದೇಶವಲ್ಲ. ಅದನ್ನು ನೋಡಿದವರು ಏನು ಕಂಡರು, ಏನನ್ನು ಕಾಣದೆ ಹೋದರು ಎಂಬುದನ್ನು ವಿವರಿಸುವುದು ನಮ್ಮ ಉದ್ದೇಶ. ಒಂದು ಜನಸಮುದಾಯವು ತನ್ನ ಮನೆಯನ್ನೇ ತೆರೆಯ ಮೇಲೆ ಕಂಡಾಗ ಎಲ್ಲಿ ನೊಂದಿತು, ಎಲ್ಲಿ ಸಿಟ್ಟಾಯಿತು, ಎಲ್ಲಿ ಮೌನವಾಯಿತು ಎಂಬುದು ಆ ಸಮುದಾಯದ ಆತ್ಮಿಕ ಸ್ಥಿತಿಯನ್ನು ಕುರಿತು ಹೇಳುತ್ತದೆ.

ಮೊದಲು ಎರಡು ಪದಗಳ ವಿಚಾರ. ‘ಕಾದಲ್’ ಎಂದರೆ ತಮಿಳಿನಲ್ಲಿ ಪ್ರೇಮ. ನಮ್ಮ ಹಳಗನ್ನಡದಲ್ಲಿಯೂ ಕಾದಲ, ಕಾದಲೆ ಎಂದರೆ ಪ್ರಿಯ, ಪ್ರಿಯೆ. ಮಲಯಾಳದಲ್ಲಿ ಅದೇ ಶಬ್ದಕ್ಕೆ ಮರದ ಚೇಗು, ಒಳತಿರುಳು ಎಂಬ ಅರ್ಥ. ಚಿತ್ರದ ಹೆಸರು ಈ ಎರಡು ಅರ್ಥಗಳನ್ನೂ ಹೊತ್ತಿದೆ. ಎರಡನೆಯದಾಗಿ, ಕನ್ನಡದಲ್ಲಿ ರೂಢಿಯಲ್ಲಿರುವ ‘ಸಲಿಂಗಕಾಮ’ ಎಂಬ ಪದವು ಒಬ್ಬ ಮನುಷ್ಯನ ಇಡೀ ಅನುರಾಗವನ್ನು ಕಾಮವೊಂದಕ್ಕೇ ಇಳಿಸಿ ಹೇಳುತ್ತದೆ. ಗಂಡುಹೆಣ್ಣಿನ ಸಂಬಂಧವನ್ನು ನಾವು ಹಾಗೆ ಕರೆಯುವುದಿಲ್ಲ. ಆದಕಾರಣ ಈ ಲೇಖನದಲ್ಲಿ ‘ಸಲಿಂಗಾನುರಾಗ’ ಎಂಬ ಪದವನ್ನು ಬಳಸಿದ್ದೇವೆ.

ಕಥೆಯ ಸಾರ

ಮ್ಯಾಥ್ಯೂ ದೇವಸ್ಸಿ ಊರಿನಲ್ಲಿ ಗೌರವಸ್ಥ. ಸಹಕಾರಿ ಬ್ಯಾಂಕಿನಲ್ಲಿದ್ದು ನಿವೃತ್ತನಾದವನು. ಎಡಪಕ್ಷವು ಅವನನ್ನು ಪಂಚಾಯಿತಿ ವಾರ್ಡೊಂದರ ಉಪಚುನಾವಣೆಗೆ ನಿಲ್ಲಿಸುತ್ತದೆ. ಅದೇ ಹೊತ್ತಿನಲ್ಲಿ, ಇಪ್ಪತ್ತು ವರ್ಷ ಅವನೊಡನೆ ಸಂಸಾರ ಮಾಡಿದ ಹೆಂಡತಿ ಓಮನಾ ವಿಚ್ಛೇದನ ಕೋರಿ ನ್ಯಾಯಾಲಯಕ್ಕೆ ಹೋಗಿರುವುದು ಊರಿಗೆ ತಿಳಿಯುತ್ತದೆ. ತನ್ನ ಗಂಡ ಸಲಿಂಗಾನುರಾಗಿ, ವಾಹನ ಚಾಲನೆ ಕಲಿಸುವ ತಂಕನ್ ಎಂಬವನೊಡನೆ ಅವನಿಗೆ ಸಂಬಂಧವಿದೆ ಎಂಬುದು ಅವಳ ಅಹವಾಲು. ಮೊಕದ್ದಮೆ ನಡೆಯುವಷ್ಟು ಕಾಲವೂ ಗಂಡಹೆಂಡಿರು ಒಂದೇ ಸೂರಿನಡಿ ಇರುತ್ತಾರೆ. ಅವರೊಡನೆ ಮ್ಯಾಥ್ಯೂವಿನ ವೃದ್ಧ ತಂದೆ ದೇವಸ್ಸಿಯೂ ಇದ್ದಾನೆ. ಮಗನ ಸ್ವಭಾವವು ಮದುವೆಗೆ ಮುಂಚೆಯೇ ತಂದೆಗೆ ತಿಳಿದಿತ್ತು. ಮದುವೆಯಾದರೆ ಸರಿಹೋದೀತೆಂದು ನಂಬಿ ಆ ಮದುವೆಯನ್ನು ಮಾಡಿಸಿದವನು ಅವನೇ. ಕೊನೆಗೆ ನ್ಯಾಯಾಲಯದಲ್ಲಿ ಸೊಸೆಯ ಮಾತು ಸತ್ಯವೆಂದು ಒಪ್ಪಿಕೊಳ್ಳುವವನೂ ಅವನೇ. ವಿಚ್ಛೇದನವಾಗುತ್ತದೆ, ಮ್ಯಾಥ್ಯೂ ಚುನಾವಣೆಯಲ್ಲಿ ಗೆಲ್ಲುತ್ತಾನೆ.

ಚಿತ್ರ ಬಂದ ಕಾಲವನ್ನೂ ನೆನಪಿನಲ್ಲಿಡಬೇಕು. ವಯಸ್ಕರ ನಡುವಣ ಸಮ್ಮತಿಯುಕ್ತ ಸಲಿಂಗಸಂಬಂಧವನ್ನು ಅಪರಾಧವೆಂದು ಎಣಿಸುತ್ತಿದ್ದ 377ನೆಯ ಕಲಮಿನ ಭಾಗವನ್ನು ಸರ್ವೋಚ್ಚ ನ್ಯಾಯಾಲಯವು 2018ರ ಸೆಪ್ಟೆಂಬರ್ 6ರಂದು ರದ್ದುಗೊಳಿಸಿತು. ಆದರೆ ಸಲಿಂಗ ವಿವಾಹಕ್ಕೆ ಕಾನೂನಿನ ಮಾನ್ಯತೆ ನೀಡಲು ಅದೇ ನ್ಯಾಯಾಲಯವು 2023ರ ಅಕ್ಟೋಬರ್ 17ರಂದು ನಿರಾಕರಿಸಿತು. ಈ ತೀರ್ಪು ಬಂದ ಐದು ವಾರಗಳಿಗೆ ‘ಕಾದಲ್’ ತೆರೆಗೆ ಬಂದಿತು. ಚಿತ್ರ ಬಂದು ತಿಂಗಳು ತುಂಬುವ ಮೊದಲೇ, ಡಿಸೆಂಬರ್ 18ರಂದು, ವ್ಯಾಟಿಕನ್ನಿನ ವಿಶ್ವಾಸಬೋಧನಾ ಮಂಡಳಿಯು ‘ಫಿಡುಚಿಯಾ ಸಪ್ಲಿಕಾನ್ಸ್’ ಎಂಬ ಘೋಷಣೆಯನ್ನು ಹೊರಡಿಸಿತು. ವಿವಾಹದ ಕುರಿತ ಬೋಧನೆಯಲ್ಲಿ ಯಾವ ಬದಲಾವಣೆಯನ್ನೂ ಮಾಡದೆ, ಆರಾಧನಾವಿಧಿಯ ಹೊರಗೆ, ಸಲಿಂಗ ಜೋಡಿಗಳನ್ನೂ ಯಾಜಕರು ಆಶೀರ್ವದಿಸಬಹುದೆಂದು ಅದು ತಿಳಿಸಿತು. ಹೀಗೆ ಪ್ರೇಕ್ಷಕರು ಚಿತ್ರವನ್ನು ನೋಡಿದ್ದು ನ್ಯಾಯಪೀಠ ಮತ್ತು ಧರ್ಮಪೀಠಗಳೆರಡೂ ಈ ವಿಷಯವನ್ನು ಮಾತನಾಡುತ್ತಿದ್ದ ದಿನಗಳಲ್ಲಿ.

ಪ್ರತಿಕ್ರಿಯೆಗಳ ಬಗೆಗಳು

ಚಿತ್ರಕ್ಕೆ ಬಂದ ಪ್ರತಿಕ್ರಿಯೆಗಳನ್ನು ಸ್ಥೂಲವಾಗಿ ನಾಲ್ಕು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯದು ಸಮುದಾಯದ ನೋವು. ಕಥೆಯವರೆಲ್ಲ ಕ್ರೈಸ್ತರೇ ಏಕಾಗಬೇಕು, ಬೇರೆ ಧರ್ಮದವರ ಮನೆಯನ್ನು ಹೀಗೆ ತೋರಿಸಲು ಧೈರ್ಯವಿತ್ತೇ ಎಂಬ ಪ್ರಶ್ನೆ. ಕೇರಳದ ಕಥೋಲಿಕ ವಲಯದಲ್ಲಿ ಹಿರಿಯ ಸ್ಥಾನದಲ್ಲಿದ್ದವರೂ ಇದನ್ನು ಎತ್ತಿದರು. ಈ ನೋವನ್ನು ಹಗುರವಾಗಿ ಕಾಣುವುದು ತಪ್ಪು. 2011ರ ಜನಗಣತಿಯಂತೆ ಕ್ರೈಸ್ತರು ಕೇರಳದಲ್ಲಿ ನೂರಕ್ಕೆ ಹದಿನೆಂಟರಷ್ಟು, ಇಡೀ ದೇಶದಲ್ಲಿ ನೂರಕ್ಕೆ ಎರಡಕ್ಕಿಂತ ತುಸು ಹೆಚ್ಚು. ಅಲ್ಪಸಂಖ್ಯಾತರ ಮನೆಯ ಬಾಗಿಲು ತೆರೆದಾಗ ಹೊರಗೆ ನಿಂತು ನೋಡುವವರೆಲ್ಲ ಸ್ನೇಹಿತರೇ ಆಗಿರುವುದಿಲ್ಲ. ಆದರೂ ಈ ನಿರ್ದೇಶಕರು ಕ್ರೈಸ್ತರನ್ನೇ ಆರಿಸಿಕೊಂಡು ಗುರಿಮಾಡಿದರೆಂಬುದು ಸರಿಯಲ್ಲ. 2021ರಲ್ಲಿ ಬಂದ ಅವರ ‘ದಿ ಗ್ರೇಟ್ ಇಂಡಿಯನ್ ಕಿಚನ್’ ಚಿತ್ರವು ಆಚಾರವಂತ ಹಿಂದೂ ಕುಟುಂಬವೊಂದರಲ್ಲಿ ಹೆಣ್ಣು ಪಡುವ ಪಾಡನ್ನು ತೋರಿಸಿತ್ತು. ಇದಕ್ಕಿಂತ ಮುಖ್ಯವಾದ ಮಾತೊಂದಿದೆ. ನ್ಯಾಯತೀರ್ಪು ದೇವರ ಮನೆಯಿಂದಲೇ ಮೊದಲಾಗುವುದೆಂದು ಪೇತ್ರನ ಮೊದಲನೆಯ ಪತ್ರಿಕೆಯ ನಾಲ್ಕನೆಯ ಅಧ್ಯಾಯವು ನಮಗೆ ಕಲಿಸಿದೆ. ‘ನಮ್ಮನ್ನೇ ಏಕೆ?’ ಎಂಬ ಪ್ರಶ್ನೆಗೆ ಸಭೆಯ ಬಳಿ ಬಹಳ ಹಳೆಯ ಉತ್ತರವಿದೆ.

ಎರಡನೆಯದು ಬೋಧನೆಯ ಆಕ್ಷೇಪಣೆ: ಚಿತ್ರವು ಸಲಿಂಗಸಂಬಂಧವನ್ನು ವೈಭವೀಕರಿಸುತ್ತದೆ, ವಿವಾಹದ ಪಾವಿತ್ರ್ಯವನ್ನು ಕುಗ್ಗಿಸುತ್ತದೆ ಎಂಬುದು. ಕಥೋಲಿಕ ಸಭೆಯ ಧರ್ಮೋಪದೇಶ ಗ್ರಂಥವು 2357ರಿಂದ 2359ರವರೆಗಿನ ಪರಿಚ್ಛೇದಗಳಲ್ಲಿ ಈ ವಿಷಯವನ್ನು ಕುರಿತು ಹೇಳುತ್ತದೆ. ಸಲಿಂಗಕ್ರಿಯೆಯನ್ನು ಅದು ಒಪ್ಪುವುದಿಲ್ಲ. ಸಲಿಂಗಾನುರಾಗಿಗಳನ್ನು ಗೌರವದಿಂದಲೂ ಕನಿಕರದಿಂದಲೂ ಸ್ವೀಕರಿಸಬೇಕು, ಅನ್ಯಾಯವಾದ ಭೇದವನ್ನು ತೋರಬಾರದು ಎಂದು ಅಷ್ಟೇ ಸ್ಪಷ್ಟವಾಗಿ ಹೇಳುತ್ತದೆ. ಆಕ್ಷೇಪಿಸಿದವರ ಮಾತುಗಳಲ್ಲಿ ಮೊದಲನೆಯ ಭಾಗ ಕೇಳಿಸಿದಷ್ಟು ಎರಡನೆಯ ಭಾಗ ಕೇಳಿಸಲಿಲ್ಲ.

ಮೂರನೆಯದು ಮೆಚ್ಚುಗೆ. ಇಷ್ಟು ಜನಪ್ರಿಯನಾದ ನಟನು ಈ ಪಾತ್ರವನ್ನು ಒಪ್ಪಿಕೊಂಡುದು ಎಷ್ಟೋ ಕುಟುಂಬಗಳಲ್ಲಿ ಮಾತಿಗೆ ದಾರಿಮಾಡಿತು. ಅನೇಕ ಮಹಿಳಾ ಪ್ರೇಕ್ಷಕರು ಇದನ್ನು ಮ್ಯಾಥ್ಯೂವಿನ ಕಥೆಯೆಂದಲ್ಲ, ಓಮನಾಳ ಕಥೆಯೆಂದು ಕಂಡರು. ಕೂಗಾಡದೆ, ಹಗೆ ಸಾಧಿಸದೆ, ತನಗೂ ಒಂದು ಜೀವನವಿದೆಯೆಂದು ನಡುವಯಸ್ಸಿನಲ್ಲಿ ಹೇಳಿದ ಹೆಂಗಸು ಅವಳು.

ನಾಲ್ಕನೆಯದು ಸಲಿಂಗಾನುರಾಗಿಗಳಾದ ಕೆಲವು ಪ್ರೇಕ್ಷಕರ ನಿರಾಶೆ. ಪ್ರೇಮವೆಂಬ ಹೆಸರು ಹೊತ್ತ ಚಿತ್ರದಲ್ಲಿ ಮ್ಯಾಥ್ಯೂ ಮತ್ತು ತಂಕನ್ ಪರಸ್ಪರ ಮಾತನಾಡುವುದೇ ಅಪರೂಪ. ಅವರ ನಡುವೆ ಇರುವುದೆಲ್ಲ ನೋಟ ಮತ್ತು ಅಂತರ. ಇತರರಿಗೆ ಮುಜುಗರವಾಗದಿರಲೆಂದು ಪ್ರೇಮವನ್ನೇ ಮರೆಮಾಡಿದರೆಂಬುದು ಅವರ ದೂರು. ಆ ಮೌನವೇ ಇಂಥವರ ಬದುಕಿನ ನಿಜವೆಂದು ಚಿತ್ರವನ್ನು ಸಮರ್ಥಿಸಿದವರೂ ಇದ್ದಾರೆ.

ಸುಳ್ಳಾದ ಸಾಕ್ಷಿ

ಈ ನಾಲ್ಕರಲ್ಲಿ ಯಾವುದನ್ನೂ ನಾವು ತಳ್ಳಿಹಾಕುವುದಿಲ್ಲ. ಆದರೆ ಸಭೆಯ ದೃಷ್ಟಿಯಿಂದ ಚಿತ್ರದ ಪಾಪವು ಎಲ್ಲಿದೆ ಎಂಬ ಪ್ರಶ್ನೆಯನ್ನು ಇನ್ನಷ್ಟು ಒತ್ತಿ ಕೇಳಬೇಕಾಗಿದೆ. ಆಕ್ಷೇಪಿಸಿದವರು ಅದನ್ನು ಮ್ಯಾಥ್ಯೂ ಮತ್ತು ತಂಕನರ ನಡುವೆ ಹುಡುಕಿದರು. ಕಥೆಯಲ್ಲಿ ಇಪ್ಪತ್ತು ವರ್ಷ ಒಬ್ಬ ಹೆಣ್ಣಿಗೆ ಗಾಯಮಾಡಿದ್ದು ಮತ್ತೊಂದು: ನಿಜವನ್ನು ಬಲ್ಲವರು ಬಾಯಿ ಮುಚ್ಚಿಕೊಂಡು ಅವಳನ್ನು ಪೂಜಾವೇದಿಯ ಮುಂದೆ ನಿಲ್ಲಿಸಿದುದು.

ನಮ್ಮ ಅನೇಕ ಸಭೆಗಳಲ್ಲಿ ಮದುವೆಯ ಪ್ರಕಟಣೆಯನ್ನು ಮೂರು ಭಾನುವಾರ ಓದುವ ಪದ್ಧತಿ ಇಂದಿಗೂ ಉಂಟು. ಈ ಮದುವೆಗೆ ಅಡ್ಡಿಯೇನಾದರೂ ತಿಳಿದವರು ಈಗಲೇ ತಿಳಿಸಬೇಕೆಂದು ಸಭೆಯನ್ನು ಕೇಳಲಾಗುತ್ತದೆ. ನಾವು ಇದನ್ನು ಹಳೆಯ ಔಪಚಾರಿಕತೆಯೆಂದು ಎಣಿಸುತ್ತೇವೆ. ಓದುವಾಗ ಯಾರೂ ತಲೆಯೆತ್ತುವುದೂ ಇಲ್ಲ. ಆದರೆ ಅದರ ಅರ್ಥ ಗಂಭೀರವಾದದ್ದು. ಒಂದು ವಿವಾಹಕ್ಕೆ ಇಡೀ ಸಭೆಯೇ ಸಾಕ್ಷಿ. ಸಾಕ್ಷಿಯ ಮೌನವೂ ಒಂದು ಹೇಳಿಕೆ. ಚಿತ್ರವು ಮ್ಯಾಥ್ಯೂ ಮತ್ತು ಓಮನಾರ ಮದುವೆಯ ಪ್ರಕಟಣೆಯನ್ನು ತೋರಿಸುವುದಿಲ್ಲ. ಆದರೆ ದೇವಸ್ಸಿಯಂಥ ತಂದೆ ಅಂಥ ಭಾನುವಾರಗಳಲ್ಲಿ ಪೀಠದ ಮೇಲೆ ಸುಮ್ಮನೆ ಕುಳಿತಿದ್ದಾನು ಎಂಬುದನ್ನು ಊಹಿಸುವುದು ಕಷ್ಟವಲ್ಲ. ಸುಳ್ಳುಸಾಕ್ಷಿಯನ್ನು ನಿಷೇಧಿಸುವ ಆಜ್ಞೆಯು ದಶಾಜ್ಞೆಗಳಲ್ಲಿ ಒಂದು. ಆ ಆಜ್ಞೆ ಇಲ್ಲಿ ಮುರಿದುಬಿತ್ತು, ಮತ್ತು ಅದನ್ನು ಮುರಿದವರು ಮಗನ ಹಿತವನ್ನೇ ಬಯಸಿದವರು.

ಕಥೋಲಿಕ ಧರ್ಮಶಾಸನವು ಇದನ್ನು ಅರಿತಿದೆ. 1983ರ ಲತೀನ್ ಧರ್ಮಸಂಹಿತೆಯ 1098ನೆಯ ನಿಯಮವೂ, ಸಿರೋ ಮಲಬಾರ್ ಸಭೆ ಮೊದಲಾದವುಗಳಿಗೆ ಅನ್ವಯಿಸುವ 1990ರ ಪೌರಸ್ತ್ಯ ಸಂಹಿತೆಯ 821ನೆಯ ನಿಯಮವೂ ಒಂದೇ ತತ್ತ್ವವನ್ನು ಹೇಳುತ್ತವೆ: ದಾಂಪತ್ಯವನ್ನು ಸ್ವಭಾವತಃ ಗಂಭೀರವಾಗಿ ಕದಡಬಲ್ಲ ಗುಣವೊಂದನ್ನು ಕುರಿತು, ಸಮ್ಮತಿ ಪಡೆಯುವ ಸಲುವಾಗಿಯೇ ವಂಚಿಸಿದ್ದರೆ, ಆ ವಂಚನೆಗೊಳಗಾಗಿ ಮಾಡಿಕೊಂಡ ವಿವಾಹವು ಸಿಂಧುವಲ್ಲ. ಅಂದರೆ ಓಮನಾಳಂಥ ಹೆಂಗಸಿನ ಅಹವಾಲು ಸಭೆಯ ಬೋಧನೆಗೆ ವಿರುದ್ಧವಾದದ್ದಲ್ಲ. ಸಭೆಯ ಶಾಸನವೇ ಅದಕ್ಕೆ ಕಿವಿಗೊಡಲು ಬದ್ಧವಾಗಿದೆ. ದೇಶದ ಕಾನೂನಿನಲ್ಲಿ ಕ್ರೈಸ್ತ ಸ್ತ್ರೀಗೆ ಈ ದಾರಿ ತಡವಾಗಿ ತೆರೆಯಿತು. 1869ರ ವಿಚ್ಛೇದನ ಕಾಯಿದೆಯಂತೆ ಗಂಡನು ಹೆಂಡತಿಯ ವ್ಯಭಿಚಾರವೊಂದನ್ನೇ ತೋರಿಸಿದರೆ ಸಾಕಾಗಿತ್ತು. ಹೆಂಡತಿಗೆ ಕ್ರೌರ್ಯವೊಂದೇ ಆಧಾರವಾಗಿ ವಿಚ್ಛೇದನ ದೊರೆಯುತ್ತಿರಲಿಲ್ಲ. 2001ರ ತಿದ್ದುಪಡಿಯು ಆ ಅಸಮಾನತೆಯನ್ನು ಬಹುಮಟ್ಟಿಗೆ ನೀಗಿಸಿತು. ಓಮನಾಳ ಮದುವೆಯನ್ನು ಆ ಕಾಲಕ್ಕೆ ಇಟ್ಟು ನೋಡಿದರೆ, ಅವಳ ತಾಯಂದಿರಿಗೆ ಇಲ್ಲದಿದ್ದ ಬಾಗಿಲು ಅವಳಿಗೆ ತೆರೆದಿತ್ತೆಂದು ತಿಳಿಯುತ್ತದೆ.

ತಂದೆಯ ಮಾನಸಾಂತರ

ಲೂಕನು ಬರೆದ ಸುವಾರ್ತೆಯ ಹದಿನೈದನೆಯ ಅಧ್ಯಾಯದಲ್ಲಿ ಕಳೆದುಹೋಗಿದ್ದ ಮಗನ ಸಾಮ್ಯವಿದೆ. ಅಲ್ಲಿ ಮಗನು ತನ್ನ ತಪ್ಪೊಪ್ಪಿಗೆಯ ಮಾತನ್ನು ದಾರಿಯುದ್ದಕ್ಕೂ ಸಿದ್ಧಪಡಿಸಿಕೊಂಡು ಬರುತ್ತಾನೆ. ತಂದೆ ಓಡಿಹೋಗಿ ಅಪ್ಪಿಕೊಳ್ಳುತ್ತಾನೆ. ಕ್ರೈಸ್ತ ಪ್ರೇಕ್ಷಕರಲ್ಲಿ ಅನೇಕರು ‘ಕಾದಲ್’ ಚಿತ್ರದಲ್ಲಿಯೂ ಇದೇ ಸಾಮ್ಯವನ್ನು ನಿರೀಕ್ಷಿಸಿದರೆಂದು ನಮಗೆ ತೋರುತ್ತದೆ. ಮ್ಯಾಥ್ಯೂ ಪಶ್ಚಾತ್ತಾಪಪಟ್ಟು ಮನೆಗೆ ಮರಳುವನೆಂದು ಕಾದರು. ಅವನು ಹಾಗೆ ಮರಳದಿದ್ದುದರಿಂದ ಚಿತ್ರದಲ್ಲಿ ಪಶ್ಚಾತ್ತಾಪವೇ ಇಲ್ಲವೆಂದು ತೀರ್ಮಾನಿಸಿದರು.

ವಾಸ್ತವದಲ್ಲಿ ಚಿತ್ರದಲ್ಲಿ ಮಾನಸಾಂತರವಿದೆ, ಆದರೆ ಅದು ತಂದೆಯದು. ವೃದ್ಧನಾದ ದೇವಸ್ಸಿ ಮನೆತನದ ಮಾನವನ್ನು ಪಣಕ್ಕಿಟ್ಟು ಸೊಸೆಯ ಪರವಾಗಿ ನಿಜವನ್ನು ಹೇಳುತ್ತಾನೆ. ಮದುವೆಯ ದಿನ ನೀಡಬೇಕಾಗಿದ್ದ ಸಾಕ್ಷಿಯನ್ನು ಇಪ್ಪತ್ತು ವರ್ಷ ತಡವಾಗಿ ನೀಡುತ್ತಾನೆ. ಸಾಮ್ಯವು ಇಲ್ಲಿ ತಿರುಗಿ ನಿಂತಿದೆ. ದೂರ ಹೋಗಿದ್ದವನು ತಂದೆ. ಮಗನಿರುವಲ್ಲಿಗೆ ಹಿಂತಿರುಗಿ ಬಂದವನೂ ತಂದೆಯೇ. ಸತ್ಯವು ಹೊರಬಿದ್ದ ಮೇಲೆ ತಂದೆಮಕ್ಕಳು ಅಳುತ್ತಾರೆ. ಮ್ಯಾಥ್ಯೂ ದೇವರನ್ನು ಕೂಗುವ ಗಳಿಗೆಯನ್ನು ಚಿತ್ರ ನೋಡಿದ ಬಹಳ ಮಂದಿ ನೆನಪಿನಲ್ಲಿಟ್ಟುಕೊಂಡರು. ವಿಶ್ವಾಸಕ್ಕೆ ವಿರೋಧಿಯೆಂದು ಕೆಲವರು ಕರೆದ ಚಿತ್ರದ ಕಥಾನಾಯಕನ ಒಡೆದ ಎದೆಯಿಂದ ಹೊರಟದ್ದು ಪ್ರಾರ್ಥನೆ. ಕೀರ್ತನೆಗಳ ಪುಸ್ತಕವನ್ನು ಪ್ರತಿದಿನ ಓದುವವರು ಆ ಧ್ವನಿಯನ್ನು ಗುರುತಿಸಬೇಕಾಗಿತ್ತು.

ದೇವಸ್ಸಿಯಲ್ಲಿ ನಾವು ಸಭೆಯನ್ನು ಕಾಣುತ್ತೇವೆ. ‘ಹುಚ್ಚು ಬಿಡದ ಹೊರತು ಮದುವೆಯಾಗದು, ಮದುವೆಯಾಗದ ಹೊರತು ಹುಚ್ಚು ಬಿಡದು’ ಎಂಬ ಗಾದೆ ಕನ್ನಡದ ಮನೆಮನೆಗೂ ಗೊತ್ತು. ಗಾದೆಯು ಅದನ್ನು ಬಿಡಿಸಲಾಗದ ಗಂಟೆಂದು ನಗೆಯಾಡುತ್ತದೆ. ನಮ್ಮ ಹಿರಿಯರೂ ಕೆಲವೊಮ್ಮೆ ನಮ್ಮ ಸಭಾಪಾಲಕರೂ ಅದರ ಉತ್ತರಾರ್ಧವನ್ನು ಮಾತ್ರ ಹಿಡಿದುಕೊಂಡು, ಮದುವೆಯನ್ನೇ ಔಷಧವೆಂದು ಬರೆದುಕೊಡುತ್ತಾರೆ. ಆ ಔಷಧವು ಒಬ್ಬ ಹೆಣ್ಣುಮಗಳ ಬದುಕು ಎಂಬುದು ಆಗ ಯಾರ ಗಮನಕ್ಕೂ ಬರುವುದಿಲ್ಲ.

ಸಭಾಪಾಲಕನ ಮುಂದಿರುವ ಕೆಲಸ

ಸಲಿಂಗಸಂಬಂಧದ ಕುರಿತು ನಮ್ಮ ಓದುಗರಲ್ಲಿ ಒಮ್ಮತವಿಲ್ಲ ಎಂಬುದನ್ನು ನಾವು ಬಲ್ಲೆವು. ಯಾಜಕಕಾಂಡದ ಹದಿನೆಂಟನೆಯ ಅಧ್ಯಾಯ, ರೋಮಾಪುರದವರಿಗೆ ಬರೆದ ಪತ್ರಿಕೆಯ ಮೊದಲನೆಯ ಅಧ್ಯಾಯ, ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ ಆರನೆಯ ಅಧ್ಯಾಯ ಇವುಗಳ ಅರ್ಥವ್ಯಾಪ್ತಿಯನ್ನು ಕುರಿತು ವಿದ್ವಾಂಸರು ಭಿನ್ನಾಭಿಪ್ರಾಯ ಹೊಂದಿದ್ದಾರೆ. ಆ ಚರ್ಚೆ ಮುಂದುವರಿಯಬೇಕು. ಆದರೆ ಅದು ಮುಗಿಯುವವರೆಗೆ ಕಾಯಬೇಕಾಗಿಲ್ಲದ ವಿಷಯವೊಂದಿದೆ. ಈ ವಚನಗಳನ್ನು ಅತ್ಯಂತ ಕಟ್ಟುನಿಟ್ಟಾಗಿ ಅರ್ಥೈಸುವವರೂ ಸುಳ್ಳಿನ ಮೇಲೆ ನಿಂತ ವಿವಾಹವನ್ನು ಸಮರ್ಥಿಸಲಾರರು.

ಮತ್ತಾಯನ ಸುವಾರ್ತೆಯ ಹತ್ತೊಂಬತ್ತನೆಯ ಅಧ್ಯಾಯದ ಆರನೆಯ ವಚನವನ್ನು ನಾವು ಮದುವೆಗಳಲ್ಲಿ ಓದುತ್ತೇವೆ. ದೇವರು ಕೂಡಿಸಿದ್ದನ್ನು ಮನುಷ್ಯನು ಅಗಲಿಸಬಾರದೆಂಬ ಬೋಧನೆ ಅಲ್ಲಿದೆ. ಅದೇ ಸಂಭಾಷಣೆಯ ಹನ್ನೆರಡನೆಯ ವಚನವನ್ನು ಓದುವವರು ವಿರಳ. ಅಲ್ಲಿ ಯೇಸುಸ್ವಾಮಿಯು ನಪುಂಸಕರನ್ನು ಕುರಿತು ಮಾತನಾಡುತ್ತಾ, ಕೆಲವರು ತಾಯಿಯ ಗರ್ಭದಿಂದಲೇ ಹಾಗೆ ಹುಟ್ಟಿದವರೆಂದು ಹೇಳುತ್ತಾನೆ. ಆ ಪದವು ಸಲಿಂಗಾನುರಾಗಿಗಳನ್ನು ಸೂಚಿಸುತ್ತದೆಂದು ನಾವು ವಾದಿಸುವುದಿಲ್ಲ. ಆದರೆ ಎಲ್ಲರೂ ಮದುವೆಗಾಗಿ ಉಂಟುಮಾಡಲ್ಪಟ್ಟವರಲ್ಲ ಎಂಬುದನ್ನು ವಿವಾಹದ ಒಡೆಯನೇ ವಿವಾಹದ ಬೋಧನೆಯ ನಡುವೆ ಒಪ್ಪಿಕೊಂಡಿದ್ದಾನೆ. ಅವನು ಒಪ್ಪಿಕೊಂಡದ್ದನ್ನು ನಮ್ಮ ಕುಟುಂಬಗಳು ಇನ್ನೂ ಒಪ್ಪಿಕೊಂಡಿಲ್ಲ.

ಆದ್ದರಿಂದ ಕೆಲವು ಕಾರ್ಯಗಳು ಸ್ಪಷ್ಟವಾಗಿವೆ. ಮಗನ ಅಥವಾ ಮಗಳ ವಿಷಯ ಹೇಳಿಕೊಂಡು ಅಳುತ್ತಾ ಬರುವ ತಂದೆತಾಯಿಗಳಿಗೆ ಮದುವೆ ಮಾಡಿಸಿರೆಂಬ ಸಲಹೆಯನ್ನು ಸಭಾಪಾಲಕನು ಎಂದಿಗೂ ಕೊಡಬಾರದು. ವಿವಾಹಪೂರ್ವ ಬೋಧನೆಯಲ್ಲಿ ವಧೂವರರನ್ನು ಒಟ್ಟಿಗೆ ಮಾತ್ರವಲ್ಲ, ಮನೆಯವರಿಲ್ಲದೆ ಬೇರೆಬೇರೆಯಾಗಿಯೂ ಕಂಡು, ಸಮ್ಮತಿಯು ಅವರದೇ ಹೌದೋ ಎಂದು ಕೇಳಬೇಕು. ಉಪವಾಸ ಪ್ರಾರ್ಥನೆಯಿಂದಲೋ ದೆವ್ವ ಬಿಡಿಸುವುದರಿಂದಲೋ ಸ್ವಭಾವವನ್ನು ಬದಲಿಸುತ್ತೇವೆಂಬ ಮಾತನ್ನು ಬಿಡಬೇಕು. ವಿಶ್ವ ಆರೋಗ್ಯ ಸಂಸ್ಥೆಯು 1990ರಲ್ಲಿಯೇ ಸಲಿಂಗಾನುರಾಗವನ್ನು ರೋಗಗಳ ಪಟ್ಟಿಯಿಂದ ಕೈಬಿಟ್ಟಿತು. ಭಾರತೀಯ ಮನೋವೈದ್ಯರ ಸಂಘವು 2018ರಲ್ಲಿ ಅದು ಕಾಯಿಲೆಯಲ್ಲವೆಂದು ಸಾರಿತು. ಅದನ್ನು ‘ಗುಣಪಡಿಸುವ’ ಚಿಕಿತ್ಸೆಯು ವೃತ್ತಿದ್ರೋಹವೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗವು 2022ರಲ್ಲಿ ತಿಳಿಸಿತು. ವೈದ್ಯರಿಗೆ ನಿಷಿದ್ಧವಾದ ಕೆಲಸವನ್ನು ವೈದ್ಯಶಾಸ್ತ್ರ ಓದದ ನಾವು ದೇವರ ಹೆಸರಿನಲ್ಲಿ ಮಾಡುವುದು ಹೇಗೆ ಸರಿ? ಇನ್ನು, ಈಗಾಗಲೇ ಇಂಥ ಮದುವೆಯಾಗಿ ನೊಂದವರು ಬಾಗಿಲಿಗೆ ಬಂದರೆ, ಸಂಸಾರದ ಗುಟ್ಟನ್ನು ಹೊರಗೆ ಹಾಕಿದೆಯೇಕೆಂದು ಹೆಂಡತಿಯನ್ನು ಗದರಿಸುವ ಮೊದಲು ಅವಳ ಮಾತನ್ನು ಕೊನೆಯವರೆಗೆ ಕೇಳಬೇಕು.

ಇಷ್ಟಾದರೂ ಒಬ್ಬನ ವಿಷಯ ಉಳಿಯುತ್ತದೆ. ಮ್ಯಾಥ್ಯೂ ಗಂಡ, ತಂದೆ, ಮಗ. ಓಮನಾ ಹೆಂಡತಿ, ತಾಯಿ. ಅವರ ಕುರಿತು ಮಾತನಾಡಲು ಸಭೆಗೆ ಶಬ್ದಗಳಿವೆ. ತಂಕನ್ ಯಾರು? ನಮ್ಮ ದಾಖಲೆಯ ಪುಸ್ತಕಗಳಲ್ಲಿ ಅವನ ಸಂಬಂಧವನ್ನು ಬರೆಯಲು ಯಾವ ಅಂಕಣವೂ ಇಲ್ಲ. ಚಿತ್ರದಲ್ಲಿ ಅವನು ಕಡಿಮೆ ಮಾತನಾಡುವುದನ್ನು ದೋಷವೆಂದು ಕಂಡವರ ದೂರು ನಮಗೆ ತಟ್ಟುವುದು ಇಲ್ಲಿಯೇ. ಮ್ಯಾಥ್ಯೂವನ್ನು ಕ್ಷಮಿಸಲು ಸಿದ್ಧರಾದ ಪ್ರೇಕ್ಷಕರೂ ತಂಕನನ್ನು ಮರೆತು ಮನೆಗೆ ಹೋಗಬಹುದು.

ಯೆಶಾಯನ ಐವತ್ತಾರನೆಯ ಅಧ್ಯಾಯವು ಸಂತಾನವಿಲ್ಲದೆ, ಸಭೆಯ ಹೊರಗೆ ಇಡಲ್ಪಟ್ಟಿದ್ದ ನಪುಂಸಕರಿಗೆ ಕರ್ತನು ತನ್ನ ಆಲಯದ ಗೋಡೆಗಳೊಳಗೆ, ಗಂಡುಹೆಣ್ಣುಮಕ್ಕಳಿಗಿಂತಲೂ ಶ್ರೇಷ್ಠವಾದ ಹೆಸರನ್ನು ಕೊಡುವನೆಂದು ವಾಗ್ದಾನ ಮಾಡುತ್ತದೆ. ಆ ಹೆಸರು ಯಾವುದೆಂದು ಪ್ರವಾದಿ ಹೇಳುವುದಿಲ್ಲ. ಮುಂದಿನ ವರ್ಷ ಸಭೆಗಳಿಗೆ ಹೊರಡಲಿರುವ ನಮ್ಮ ವಿದ್ಯಾರ್ಥಿಗಳ ಮುಂದೆ ಎಂದಾದರೊಂದು ದಿನ ತಂಕನನಂಥ ಒಬ್ಬನು ಬಂದು ನಿಲ್ಲುವನು. ಆರಾಧನೆ ಮುಗಿದು ಎಲ್ಲರೂ ಹೋದ ಮೇಲೆ ಅವನು ಬರಬಹುದು. ಅಂದು ಅವರು ಮೊದಲು ಅವನ ಹೆಸರನ್ನು ಕೇಳಲಿ, ಮತ್ತು ಮುಂದಿನ ಭಾನುವಾರ ಆ ಹೆಸರನ್ನು ನೆನಪಿನಲ್ಲಿಟ್ಟುಕೊಂಡು ಅವನನ್ನು ಕರೆಯಲಿ.